ಒಂದು ಅರಿಶಿನ ಕಾರ್ಯ, ಒಂದೇ ಬಣ್ಣದ ಹಟ ಮತ್ತು ಗುಳೇದಗುಡ್ಡದ ಖಣ

ಈಗಿನ ಮದುವೆಗಳಲ್ಲಿ ಲಗ್ನಪತ್ರಿಕೆಗಿಂತ ಮೊದಲು ವಾಟ್ಸಾಪ್‌ನಲ್ಲಿ ಡ್ರೆಸ್ ಕೋಡ್ ಬರುತ್ತದೆ. ಅರಿಶಿನಕ್ಕೆ ಒಂದು ಬಣ್ಣ, ಮೆಹಂದಿಗೆ ಒಂದು, ರಿಸೆಪ್ಷನ್‌ಗೆ ಇನ್ನೊಂದು. ಮೊದಲು ಇದು ಮದುಮಗಳ ಗೆಳತಿಯರ ಆಟವಾಗಿತ್ತು. ಈಗ ಅಜ್ಜಿಯಿಂದ ಹಿಡಿದು ಅಂಗನವಾಡಿ ಕೂಸಿನವರೆಗೆ ಎಲ್ಲರಿಗೂ ಅದೇ ಕಾಯ್ದೆ. "ಫ್ಯಾಷನ್ ಅನ್ನೋದು ದುಡ್ಡಿದ್ದವರ ಶೋಕಿ, ನಮಗ್ಯಾಕೆ" ಅಂತ ಪಕ್ಕಕ್ಕೆ ಸರಿಯುವ ಹಾಗಿಲ್ಲ. ಸರಿದರೆ ಫೋಟೋದಿಂದಲೂ ಸರಿದ ಹಾಗೆ.

ಟ್ರೆಂಡ್ ಹಿಂದೆ ಹೋಗುವುದು ಯಾಕೆ ಇಷ್ಟು ಮುಖ್ಯ ಆಯಿತು ಅಂತ ದೊಡ್ಡ ದೊಡ್ಡ ಮಾತಲ್ಲಿ ಬರೆಯುವುದು ಸುಲಭ. ನಾನು ಬರೆಯುತ್ತಿರುವುದು ಒಂದೇ ಒಂದು ಕಾರ್ಯದ ಬಗ್ಗೆ. ನಮ್ಮ ಚಿಗವ್ವನ ಮಗಳ ಮದುವೆ, ಬಾಗಲಕೋಟೆಯಲ್ಲಿ. ಅರಿಶಿನದ ದಿನಕ್ಕೆ ಹುಡುಗಿಯರೆಲ್ಲ ಸೇರಿ ಗೊತ್ತು ಮಾಡಿದ ಡ್ರೆಸ್ ಕೋಡ್ ಹೀಗಿತ್ತು: ಇಳಕಲ್ ಸೀರೆ, ಮೇಲೆ ರಾಮಾ ಗ್ರೀನ್ ಖಣದ ಜಂಪರ್, ಅಂದರೆ ರವಿಕೆ. ಗಂಡಸರಿಗೆ ಬಿಳಿ ಜುಬ್ಬಾ, ಅದರ ಮೇಲೆ ಅದೇ ಖಣದ ಜಾಕೀಟು. ಚಿಕ್ಕ ಹುಡುಗಿಯರಿಗೆ ಖಣದ ಪರಕಾರ. ಎಲ್ಲ ಸೇರಿ ಮೂವತ್ತರ ಹತ್ತಿರ ಹೆಣ್ಣುಮಕ್ಕಳು. ಹುಬ್ಬಳ್ಳಿ, ಬೆಂಗಳೂರು, ಸೊಲ್ಲಾಪುರ, ಪುಣೆ ಅಂತ ಚದುರಿದವರು. ಬಟ್ಟೆ ಆರ್ಡರ್ ಮಾಡುವ ಓಡಾಟದಲ್ಲಿ ನಾನೂ ಇದ್ದೆ, ಹಾಗಾಗಿ ಒಳಗಿನ ಕಥೆ ಗೊತ್ತು.

ಮೇಲಿಂದ ನೋಡಿದರೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ ಅಲ್ವಾ? ಲೆಹಂಗಾ, ಗೌನ್ ಬಿಟ್ಟು ಹುಡುಗಿಯರು ನಮ್ಮ ಜಿಲ್ಲೆಯದೇ ಬಟ್ಟೆ ಕೇಳುತ್ತಿದ್ದಾರೆ. ಇಳಕಲ್ ಅದೇ ಜಿಲ್ಲೆ, ಗುಳೇದಗುಡ್ಡ ಅದೇ ಜಿಲ್ಲೆ. ಮಗ್ಗ ಇರುವ ಊರು ಮದುವೆ ಮನೆಯಿಂದ ಹೆಚ್ಚೆಂದರೆ ಒಂದು ತಾಸಿನ ದಾರಿ. ಆದರೂ ಅವತ್ತು ತೊಟ್ಟ ಖಣದಲ್ಲಿ ಹೆಚ್ಚಿನ ಪಾಲು ಕೈಮಗ್ಗದ್ದಲ್ಲ. ಹೀಗೆ ಯಾಕಾಯಿತು ಅಂತ ಗೊತ್ತಾಗಬೇಕಾದರೆ ಖಣ ಅಂದರೇನು ಅನ್ನುವಲ್ಲಿಂದ ಶುರು ಮಾಡಬೇಕು.

ಖಣ ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಗುಳೇದಗುಡ್ಡ ಅದರ ತವರು. ಸೀರೆಯಷ್ಟು ಪನ್ನ, ಅಂದರೆ ಅಗಲ, ಇರುವುದಿಲ್ಲ, ಕಿರಿದು. ಎರಡೂ ಕಡೆ ಅಂಚು, ನಡುವೆ ಮೈತುಂಬ ಸಣ್ಣ ಸಣ್ಣ ಬುಟ್ಟಾ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ, ಎಳೆಗಳಿಂದಲೇ ಬುಟ್ಟಾ ಎದ್ದು ಬರುವುದರಿಂದ ಬಟ್ಟೆ ಮುಟ್ಟಿದರೆ ಒಂದು ಉಬ್ಬು, ಒಂದು ಬಿಗಿ ಸಿಗುತ್ತದೆ. ಆ ಬುಟ್ಟಾಗಳಿಗೆ ಹೆಸರೂ ಇವೆ: ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ. ಹಳೆಯ ಕಾಲದ ಕುಬಸವನ್ನು ಮುಂದೆ ಗಂಟು ಕಟ್ಟುತ್ತಿದ್ದರು, ಅಂಚು ಸರಿಯಾಗಿ ತೋಳಿನ ತುದಿಗೆ ಬಂದು ಕೂರುತ್ತಿತ್ತು. ಬೇರೆ ಲೇಸು, ಪೈಪಿಂಗ್ ಏನೂ ಬೇಡ. ಆ ಹೊಲಿಗೆಗೆ ಆ ಪನ್ನ ಸಾಕಾಗುತ್ತಿತ್ತು.

ಖಣಕ್ಕೆ ಇನ್ನೊಂದು ಬದುಕೂ ಇದೆ. ಉಡಿ ತುಂಬುವುದಕ್ಕೆ ಖಣ ಬೇಕೇ ಬೇಕು. ಬಾದಾಮಿ ಬನಶಂಕರಿಗೆ, ಸವದತ್ತಿ ಯಲ್ಲಮ್ಮನಿಗೆ, ತವರಿಗೆ ಬಂದು ಹೊರಟ ಮಗಳಿಗೆ: ಖಣ, ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಶಿನ ಬೇರು. ಕೂಸಿನ ತಲೆಗೆ ಹಾಕುವ ಕುಂಚಿಗಿಯನ್ನೂ ಖಣದಲ್ಲೇ ಹೊಲಿಯುತ್ತಿದ್ದರು. ಮಹಾರಾಷ್ಟ್ರದ ಮನೆಗಳಲ್ಲೂ ಇದೇ ಬಳಕೆ ಇರುವುದರಿಂದ ಗುಳೇದಗುಡ್ಡದ ಮಾಲು ಮೊದಲಿನಿಂದಲೂ ಗಡಿ ದಾಟಿ ಹೋಗುತ್ತಿತ್ತು.

ಈ ಬಟ್ಟೆಯನ್ನು ಒಮ್ಮೆ ಮೂಲೆಗೆ ತಳ್ಳಿದ್ದೂ ಫ್ಯಾಷನ್ನೇ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬಂದವು. ಸೀರೆಗೆ ತಕ್ಕ ಬಣ್ಣದ, ಬುಟ್ಟಾ ಇಲ್ಲದ ಜಂಪರ್ ತೊಡುವ ರೂಢಿ ಬಂತು. ಟೂ ಬೈ ಟೂ ರುಬಿಯಾ ಬಟ್ಟೆಯ ಥಾನುಗಳು ಅಂಗಡಿಯ ಒಂದು ಗೋಡೆ ಪೂರ್ತಿ ಬಣ್ಣಬಣ್ಣವಾಗಿ ಜೋಡಿಸಿಟ್ಟಿರುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸೀರೆ ಒಯ್ದು ಆ ಗೋಡೆಗೆ ಹಿಡಿದು ಮ್ಯಾಚಿಂಗ್ ನೋಡುವುದೇ ಒಂದು ಕೆಲಸ. ಆಮೇಲೆ ಸೀರೆಯ ಜೊತೆಗೇ ಜಂಪರ್ ಪೀಸ್ ಬರತೊಡಗಿತು. ಖಣ ತೊಟ್ಟವರು ಹಳ್ಳಿಯವರು ಅನ್ನುವ ಮಾತು ಹುಟ್ಟಿತು. ನಮ್ಮ ಅಜ್ಜಿ ಈ ಡ್ರೆಸ್ ಕೋಡ್ ಕೇಳಿ ನಕ್ಕು ಹೇಳಿದ್ದು ಇದನ್ನೇ: "ನಾವು ತೊಟ್ಟಾಗ ಹಳ್ಳ್ಯಾಗಿನವ್ರು ಅಂತಿದ್ರು. ಈಗ ನೀವು ಅದನ್ನ ತೊಟ್ಟು ಫೋಟೋ ತಗಸ್ತೀರಿ." ಕಡೆಗೆ ಖಣ ಉಳಿದದ್ದು ಉಡಿಯಲ್ಲಿ. ದೇವಿಗೆ ಫ್ಯಾಷನ್ ಬದಲಾಗುವುದಿಲ್ಲವಲ್ಲ.

ಹಾಗಾದರೆ ವಾಪಸ್ ಹೇಗೆ ಬಂತು? ಒಬ್ಬರು ತಂದದ್ದಲ್ಲ. 2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು ಶುರು ಮಾಡಿದ ಹಂಡ್ರೆಡ್ ಸಾರಿ ಪ್ಯಾಕ್ಟ್ ನೆನಪಿದೆಯಾ? ವರ್ಷದಲ್ಲಿ ನೂರು ಸಲ ಸೀರೆ ಉಡುವುದು, ಆ ಸೀರೆಯ ಕಥೆ ಬರೆಯುವುದು. ಕಪಾಟಿನಲ್ಲಿ ಕೂತಿದ್ದ ಅಮ್ಮನ, ಅಜ್ಜಿಯ ಸೀರೆಗಳು ಹೊರಗೆ ಬಂದದ್ದು ಅಲ್ಲಿಂದೀಚೆಗೆ ಜಾಸ್ತಿ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಂತಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಲಾಕ್‌ಡೌನ್‌ನಲ್ಲಿ ಮಾಲು ಮಗ್ಗದ ಮನೆಗಳಲ್ಲೇ ಕೂತಿದ್ದ ಕಾಲ ಅದು, ನೇರವಾಗಿ ಫೋನಿನಲ್ಲಿ ತೋರಿಸಿ ಮಾರುವುದನ್ನು ಹಲವರು ಕಲಿತದ್ದೂ ಆಗಲೇ. ಖಣ ರೀಲ್ಸ್‌ಗೆ ಹೇಳಿ ಮಾಡಿಸಿದ ಬಟ್ಟೆ. ಎರಡು ಬಣ್ಣ ಒಂದಕ್ಕೊಂದು ತಾಗಿ ಮಿನುಗುತ್ತದೆ, ಬುಟ್ಟಾ ಹತ್ತಿರದಿಂದ ಚೆನ್ನಾಗಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಖಣದ ಸೀರೆ, ಖಣದ ಆಕಾಶಬುಟ್ಟಿ, ಖಣದ ಕಿವಿಯೋಲೆ, ಖಣ ಹೊದಿಸಿದ ಡೈರಿ, ಎಲ್ಲ ಬಂದವು. ಇತ್ತ 2023ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಕಸೂತಿ ಹಾಕಿದ ಕೆಂಪು ಇಳಕಲ್ ರೇಷ್ಮೆ ಸೀರೆ ಉಟ್ಟು ಬಜೆಟ್ ಮಂಡಿಸಿದರು. ನಮ್ಮ ಗ್ರೂಪಿನಲ್ಲಿ ಹುಡುಗಿಯರು ಐಡಿಯಾ ಅಂತ ಹಾಕಿದ ಚಿತ್ರಗಳಲ್ಲಿ ಅದೂ ಒಂದು.

ಇನ್ನು ಆರ್ಡರಿನ ಕಥೆ.

ಮದುವೆಗೆ ಪೂರ್ತಿ ಒಂದು ತಿಂಗಳೂ ಇರಲಿಲ್ಲ. ಹುಡುಗಿಯರು ಇನ್‌ಸ್ಟಾಗ್ರಾಮ್‌ನಿಂದ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಇದೇ ಬಣ್ಣ, ಇದೇ ಬುಟ್ಟಾ, ಮೂವತ್ತು ಜನಕ್ಕೆ. ಚಿಗವ್ವನಿಗೆ ಗುಳೇದಗುಡ್ಡದಲ್ಲಿ ಪರಿಚಯದ ಒಂದು ನೇಕಾರರ ಮನೆ ಇದೆ, ಉಡಿ ಖಣ ಯಾವಾಗಲೂ ಅಲ್ಲಿಂದಲೇ. ಫೋಟೋ ತೋರಿಸಿದೆವು. ಅವರು ಫೋನನ್ನು ಅತ್ತ ಇತ್ತ ತಿರುಗಿಸಿ ನೋಡಿ ಹೇಳಿದರು: "ಅಕ್ಕಾರ, ಬಣ್ಣ ಕೊಡ್ತೀನ್ರಿ. ಆದ್ರ ಮೊಬೈಲ್‌ದಾಗಿನ ಬಣ್ಣ ಕೊಡಾಕ ಆಗಂಗಿಲ್ರಿ."

ಮೊದಲು ಕೇಳಿದಾಗ ಇದು ತಪ್ಪಿಸಿಕೊಳ್ಳುವ ಮಾತು ಅನ್ನಿಸಬಹುದು. ಹಾಗಲ್ಲ. ಮಗ್ಗದ ಮೇಲೆ ಆಗ ಇದ್ದದ್ದು ಕುಂಕುಮ ಬಣ್ಣದ ಹಾಸು. ಒಂದು ಹಾಸು ಹೂಡಿದರೆ ಅದರಲ್ಲಿ ಎಷ್ಟೋ ಖಣ ನೇಯಬಹುದು, ಅಡ್ಡ ಹಾಯುವ ಹೊಕ್ಕಿನ ನೂಲು ಬದಲಿಸಿ ಛಾಯೆ ಸ್ವಲ್ಪ ಆಚೀಚೆ ಮಾಡಬಹುದು. ಕೆಂಪನ್ನು ಹಸಿರು ಮಾಡಲು ಆಗುವುದಿಲ್ಲ. ಹಸಿರು ಬೇಕೆಂದರೆ ಇರುವ ಹಾಸು ಮುಗಿಯಬೇಕು, ಇಲ್ಲ ಕತ್ತರಿಸಿ ನಷ್ಟ ಮಾಡಿಕೊಳ್ಳಬೇಕು. ನೂಲಿಗೆ ಹೊಸದಾಗಿ ಬಣ್ಣ ಹಾಕಿಸಬೇಕು. ಹೊಸ ಹಾಸು ಮಾಡಿ, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಕೂಡಿಸಬೇಕು. ಸಾವಿರಗಟ್ಟಲೆ ಎಳೆ. ಮನೆಯ ಹೆಂಗಸರು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಬೇಕು. ಆಮೇಲೆ ಲಾಳಿ ಓಡಬೇಕು. ಇಷ್ಟೆಲ್ಲ ಮಾಡಿ, ನಾವು ಕೇಳಿದಷ್ಟು ಕೊಟ್ಟ ಮೇಲೆ ಆ ಹಾಸಿನಲ್ಲಿ ಉಳಿಯುವ ಹಸಿರು ಖಣವನ್ನು ಯಾರು ಕೊಳ್ಳುತ್ತಾರೆ? ಅಷ್ಟರಲ್ಲಿ ಟ್ರೆಂಡ್ ಲ್ಯಾವೆಂಡರ್‌ಗೆ ಹೋಗಿರುತ್ತದೆ.

ಬಣ್ಣದ ಮಾತು ಇನ್ನೂ ಸೂಕ್ಷ್ಮ. ಒಂದು ಸಲ ಹಾಕಿದ ಬಣ್ಣಕ್ಕೂ ಮುಂದಿನ ಸಲದ ಬಣ್ಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಜೊತೆಗೆ ಬೆಂಗಳೂರಿನ ಫೋನಿನಲ್ಲಿ ಕಾಣುವ ರಾಮಾ ಗ್ರೀನ್, ಪುಣೆಯ ಫೋನಿನಲ್ಲಿ ಕಾಣುವ ರಾಮಾ ಗ್ರೀನ್ ಒಂದೇ ಅಲ್ಲ. ಆ ಸ್ಕ್ರೀನ್‌ಶಾಟ್‌ಗೆ ಫಿಲ್ಟರ್ ಬೇರೆ ಹಾಕಿದ್ದರು!

ನೇಕಾರರು ಇನ್ನೊಂದು ದಾರಿ ಹೇಳಿದರು. ಅವರಲ್ಲಿ ಮತ್ತು ಪಕ್ಕದ ಎರಡು ಮೂರು ಮಗ್ಗಗಳಲ್ಲಿ ಕೆಂಪು, ನೇರಳೆ, ಕಪ್ಪು, ಸಾಸಿವೆ ಬಣ್ಣದ ಖಣ ಇತ್ತು. ಕೆಲವು ನೇಯ್ದು ಮಡಚಿಟ್ಟದ್ದು, ಕೆಲವು ಮಗ್ಗದ ಮೇಲಿದ್ದದ್ದು. ಎಲ್ಲ ಸೇರಿಸಿದರೆ ಮೂವತ್ತು ಜನಕ್ಕೆ ಆರಾಮಾಗಿ ಆಗುತ್ತಿತ್ತು. ನೋಡಲು ಇನ್ನೂ ಚೆನ್ನಾಗಿರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಗ್ರೂಪಿನಲ್ಲಿ ಹಾಕಿದೆವು. ಬಂದ ಉತ್ತರ: "ಬೇರೆ ಬೇರೆ ಬಣ್ಣ ಆದ್ರೆ ಡ್ರೆಸ್ ಕೋಡ್ ಹೆಂಗಾಗ್ತದ?" ಮದುಮಗಳಂತೂ ಫೋಟೋಗ್ರಾಫರ್‌ಗೆ ಆಗಲೇ ಕಲರ್ ಪ್ಯಾಲೆಟ್ ಕಳಿಸಿಬಿಟ್ಟಿದ್ದಳು. ಹಿಂದಿನ ಪರದೆ, ಹೂವಿನ ಅಲಂಕಾರ, ಕೂರುವ ಮಣೆಯ ಮೇಲಿನ ಬಟ್ಟೆ, ಎಲ್ಲ ಆ ಹಸಿರಿಗೆ ತಕ್ಕ ಹಾಗೆ ಗೊತ್ತಾಗಿತ್ತು.

ಇನ್ನೊಂದು ತಕರಾರು ಹುಬ್ಬಳ್ಳಿಯ ಟೇಲರ್ ಕಡೆಯಿಂದ. "ಪನ್ನ ಸಾಲೂದಿಲ್ರೀ ಮೇಡಂ." ಅವರ ಮಾತಲ್ಲೂ ತಪ್ಪಿಲ್ಲ. ಈಗಿನ ಜಂಪರ್ ಅಂದರೆ ಮೊಳಕೈವರೆಗೆ ತೋಳು, ಕಟೋರಿ ಕಟ್, ಹಿಂದೆ ಆಳವಾದ ಕತ್ತು, ಪ್ಯಾಡು. ಕಿರಿದಾದ ಖಣದಲ್ಲಿ ಇದನ್ನೆಲ್ಲ ಕೂರಿಸಬೇಕಾದರೆ ಉದ್ದ ಜಾಸ್ತಿ ಬೇಕು, ತೋಳಿಗೆ ಜೋಡು ಬರುತ್ತದೆ, ಬುಟ್ಟಾ ಮುಂದೆ ಹಿಂದೆ ಆಗುತ್ತದೆ. ಗಂಟು ಕಟ್ಟುವ ಕುಬಸಕ್ಕೆ ಸಾಕಾಗುತ್ತಿದ್ದ ಬಟ್ಟೆ ಈ ಹೊಲಿಗೆಗೆ ಸಾಲದು.

ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮೀಟರ್ ಲೆಕ್ಕದ ಖಣ ಸಿಕ್ಕಿತು. ಪವರ್‌ಲೂಮ್‌ನದು. ದೊಡ್ಡ ಪನ್ನ. ಸ್ಕ್ರೀನ್‌ಶಾಟ್‌ನ ಪಕ್ಕ ಹಿಡಿದರೆ ಅದೇ ಬಣ್ಣ. ಯಾಕೆಂದರೆ ಆ ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದೂ ಬಹುಶಃ ಅದೇ ಥಾನಿನ ಬಟ್ಟೆ! ಬೆಲೆ ಕೈಮಗ್ಗದ ಅರ್ಧಕ್ಕೂ ಕಡಿಮೆ. ಎಷ್ಟು ಮೀಟರ್ ಬೇಕಾದರೂ ಎರಡು ದಿನದಲ್ಲಿ ತರಿಸಿಕೊಡುತ್ತೇವೆ ಅಂದರು. ಅಲ್ಲಿಗೆ ವಿಷಯ ಮುಗಿಯಿತು.

ಇಲ್ಲಿ ಪವರ್‌ಲೂಮ್‌ನವರನ್ನು ವಿಲನ್ ಮಾಡುವುದು ಬೇಡ. ಬಾಗಲಕೋಟೆ ಜಿಲ್ಲೆಯ ರಬಕವಿ ಬನಹಟ್ಟಿಗೆ ಹೋಗಿ ನೋಡಿ, ಪವರ್‌ಲೂಮ್ ನಡೆಸುವವರೂ ನೇಕಾರರೇ. ವಿದ್ಯುತ್ ದರ, ನೂಲಿನ ದರ ಏರಿದಾಗ ಅವರ ಮನೆಯಲ್ಲೂ ಒಲೆ ತಣ್ಣಗಾಗುತ್ತದೆ. ಸಾದಾ ಬೆಲೆಗೆ ಖಣ ಸಿಗುವುದರಿಂದಲೇ ಸೊಲ್ಲಾಪುರದ ನಮ್ಮ ಅತ್ತೆಯ ಮಕ್ಕಳು ಖಣ ತೊಟ್ಟರು. ಆ ಮಟ್ಟಿಗೆ ಅದು ಒಳ್ಳೆಯದೇ. ತಕರಾರು ಬೇರೆ. ಆ ಅಂಗಡಿಯಲ್ಲಿ ಥಾನಿನ ಮೇಲೆ ದೊಡ್ಡದಾಗಿ "ಗುಳೇದಗುಡ್ಡ ಖಣ" ಅಂತ ಚೀಟಿ ಅಂಟಿಸಿದ್ದರು. ಗುಳೇದಗುಡ್ಡ ಖಣಕ್ಕೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ, ಇದೆ. ಇಳಕಲ್ ಸೀರೆಗೂ 2007ರಿಂದ ಇದೆ. 1999ರ ಜಿಐ ಕಾಯ್ದೆಯ ಪ್ರಕಾರ ಸುಳ್ಳು ಹೆಸರು ಅಂಟಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕಾಗದದ ಮೇಲೆ ಜೋರಾಗಿದೆ. ಆದರೆ ದಿನಾ ಮಗ್ಗದ ಕುಣಿಯಲ್ಲಿ ಕೂತು ನೇಯುವ ಮನುಷ್ಯ ಹುಬ್ಬಳ್ಳಿಯ ಅಂಗಡಿ ಹುಡುಕಿಕೊಂಡು ಹೋಗಿ ಕೇಸು ಹಾಕುತ್ತಾನಾ? ಅದೂ ಅಲ್ಲದೆ ಬುದ್ಧಿವಂತರು ಈಗ ಊರಿನ ಹೆಸರನ್ನೇ ಬಿಟ್ಟು "ಖಣ ಡಿಸೈನ್", "ಖಣ ಪ್ರಿಂಟ್" ಅಂತ ಮಾರುತ್ತಾರೆ. ನೇಯ್ದ ಬುಟ್ಟಾ ಕೂಡ ಇಲ್ಲ, ಬರೀ ಅಚ್ಚು.

ಸೀರೆಯ ವಿಷಯದಲ್ಲೂ ಇದೇ ಆಯಿತು, ಸ್ವಲ್ಪ ಚಿಕ್ಕದಾಗಿ ಹೇಳುತ್ತೇನೆ. ಕೈಮಗ್ಗದ ಇಳಕಲ್ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಎಳೆ ಎಳೆಯಾಗಿ ಕೂಡಿಸಿ ಟೋಪ್ ತೆನಿ ಅನ್ನುವ ಸೆರಗು ನೇಯುತ್ತಾರೆ. ಪ್ರತಿ ಸೀರೆಗೂ ಈ ಕೂಡಿಸುವ ಕೆಲಸ ಹೊಸದಾಗಿ ಆಗಬೇಕು. ಬೇರೆ ಕಡೆಯ ಸೀರೆಗಳ ಹಾಗೆ ಉದ್ದ ಹಾಸು ಹೂಡಿ ಒಂದರ ಹಿಂದೊಂದು ನೇಯ್ದುಕೊಂಡು ಹೋಗಲು ಬರುವುದಿಲ್ಲ. ಹಾಗಾಗಿ "ಅರ್ಜೆಂಟ್ ಮೂವತ್ತು ಸೀರೆ" ಅನ್ನುವ ಮಾತೇ ಅಲ್ಲಿ ನಡೆಯದು. ಪುಣ್ಯಕ್ಕೆ ನಮ್ಮ ಮನೆಗಳಲ್ಲಿ ಹಳೆಯ ಇಳಕಲ್ ಸೀರೆಗಳು ಬೇಕಾದಷ್ಟಿದ್ದವು. ದೊಡ್ಡವರೆಲ್ಲ ಟ್ರಂಕಿನಿಂದ ತೆಗೆದರು, ಹುಡುಗಿಯರು ಹೆಚ್ಚಿನವರು ಅಂಗಡಿಯ ಚಮಕಾ (ಕೃತಕ ರೇಷ್ಮೆ) ಸೀರೆ ಕೊಂಡರು.

ಅರಿಶಿನದ ದಿನ ಚೆನ್ನಾಗಿಯೇ ಆಯಿತು. ಫೋಟೋಗಳೂ ಚೆನ್ನಾಗಿ ಬಂದವು, ಸುಳ್ಳು ಹೇಳುವುದಿಲ್ಲ. ಸಾಲಾಗಿ ನಿಂತ ಹಸಿರು ಜಂಪರ್‌ಗಳು ಕಣ್ಣಿಗೆ ಹಬ್ಬ. ಆದರೆ ಒಂದು ಗಮನಿಸಿದೆ. ಚಿಗವ್ವ, ದೊಡ್ಡವ್ವ ಮತ್ತು ಇನ್ನಿಬ್ಬರು ಹಟ ಹಿಡಿದು ಗುಳೇದಗುಡ್ಡದ ಖಣವನ್ನೇ ಹೊಲಿಸಿದ್ದರು, ಒಬ್ಬರದು ಕೆಂಪು, ಇಬ್ಬರದು ನೇರಳೆ, ಇನ್ನೊಬ್ಬರದು ಸಾಸಿವೆ. ಗ್ರೂಪ್ ಫೋಟೋಗೆ ನಿಲ್ಲಿಸುವಾಗ ಫೋಟೋಗ್ರಾಫರ್ ಹುಡುಗ ಬಹಳ ಮರ್ಯಾದೆಯಿಂದಲೇ "ಅಮ್ಮಾ, ನೀವು ಸ್ವಲ್ಪ ಸೈಡಿಗೆ ಬರ್ರಿ, ಕಲರ್ ಒಡೀತದ" ಅಂದ. ಇಡೀ ಫೋಟೋದಲ್ಲಿ ನಿಜವಾದ ಖಣ ತೊಟ್ಟ ನಾಲ್ಕೇ ಜನ ಅಂಚಿಗೆ ಹೋದರು. ಅವನಿಗೆ ಅದು ಗೊತ್ತಿರಬೇಕಾಗಿಯೂ ಇಲ್ಲ. ಅವನ ಕೆಲಸ ಬಣ್ಣ ನೋಡುವುದು.

ಇನ್ನೊಂದು ಸಂಗತಿ ಇದಕ್ಕಿಂತ ಮನಸ್ಸಿಗೆ ಕಸಿವಿಸಿ ತಂದದ್ದು. ವರಸೆಯಲ್ಲಿ ನನಗೆ ಅತ್ತಿಗೆ ಆಗಬೇಕಾದವರು ಒಬ್ಬರಿದ್ದಾರೆ, ಗಂಡ ಗೂಡ್ಸ್ ಟೆಂಪೋ ಓಡಿಸುತ್ತಾರೆ, ಇಬ್ಬರು ಹೆಣ್ಣುಮಕ್ಕಳು. ಅವರ ಲೆಕ್ಕ ಹಾಕಿ. ಮೂವರಿಗೆ ಖಣ, ಲೈನಿಂಗ್, ಹೊಲಿಗೆ. ಈಗ ಬಟ್ಟೆಗಿಂತ ಹೊಲಿಗೆಯ ಕೂಲಿಯೇ ಜಾಸ್ತಿ. ಒಂದು ದಿನದ ಎರಡು ತಾಸಿನ ಕಾರ್ಯಕ್ಕೆ, ಮತ್ತೆ ಯಾವಾಗ ತೊಡುತ್ತಾರೋ ಗೊತ್ತಿಲ್ಲದ ಜಂಪರ್‌ಗೆ ಅಷ್ಟು ದುಡ್ಡು. ಹಾಗೇ ಬಂದರೆ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಆದರೆ ಇಬ್ಬರು ಹುಡುಗಿಯರು ಮೂವತ್ತು ಹಸಿರಿನ ನಡುವೆ ಬೇರೆ ಬಣ್ಣದಲ್ಲಿ ನಿಲ್ಲಬೇಕಲ್ಲ. ಅವರು ಅರಿಶಿನಕ್ಕೆ ಬರಲೇ ಇಲ್ಲ. ದೊಡ್ಡ ಮಗಳಿಗೆ ಪರೀಕ್ಷೆ ಅಂತ ಹೇಳಿ ಮರುದಿನ ನೇರ ಅಕ್ಕಿಕಾಳಿಗೆ, ಅಂದರೆ ಮದುವೆಯ ಅಕ್ಷತೆಗೆ, ಬಂದರು. ಅದು ಪರೀಕ್ಷೆಯ ಕಾಲ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಫ್ಯಾಷನ್ ಪಾಲಿಸುವುದು ಎಷ್ಟು ಮುಖ್ಯ ಆಗಿದೆ ಅಂತ ನನ್ನನ್ನು ಯಾರಾದರೂ ಕೇಳಿದರೆ ನಾನು ಶೋರೂಮ್‌ಗಳ ಬಗ್ಗೆ ಮಾತಾಡುವುದಿಲ್ಲ, ಆ ಸುಳ್ಳು ಪರೀಕ್ಷೆಯ ಬಗ್ಗೆ ಹೇಳುತ್ತೇನೆ. ರಕ್ತಸಂಬಂಧದ ಕಾರ್ಯಕ್ಕೆ ಹೋಗಬೇಕಾ ಬೇಡವಾ ಅನ್ನುವುದನ್ನು ಒಂದು ಬಣ್ಣ ತೀರ್ಮಾನಿಸುವಷ್ಟು ಮುಖ್ಯ ಆಗಿದೆ.

ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡೋಣ. ಆ ಒಂದು ಕಾರ್ಯದ ಖಣದ ಖರ್ಚಿನಲ್ಲಿ ಹೆಚ್ಚಿನ ಪಾಲು ಟೇಲರ್‌ಗಳಿಗೆ, ಆಮೇಲೆ ಅಂಗಡಿಗೆ. ಖಣದ ಕಿವಿಯೋಲೆ ಮಾಡಿಕೊಟ್ಟ ಪುಣೆಯ ಹುಡುಗಿಗೂ ಒಂದಿಷ್ಟು. ಗುಳೇದಗುಡ್ಡದ ಮನೆಗೆ ಹೋದದ್ದು ನಾಲ್ಕು ಜಂಪರಿನ ಖಣ ಮತ್ತು ಉಡಿ ತುಂಬಲು ತಂದ ಖಣಗಳ ದುಡ್ಡು. ಉಡಿ ಖಣದ್ದೇ ಜಾಸ್ತಿ! ಟ್ರೆಂಡ್ ಇಲ್ಲದಿದ್ದರೂ ಅದಂತೂ ಹೋಗುತ್ತಿತ್ತು.

2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ನೇಯ್ಗೆ ಮತ್ತು ಅದರ ಸುತ್ತಲಿನ ಕೆಲಸದಲ್ಲಿದ್ದಾರೆ, ಹೆಚ್ಚಿನವರು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5000 ರೂಪಾಯಿಗಿಂತ ಕಡಿಮೆ. ಇಂಥ ಮನೆಯವರಿಗೆ "ಟ್ರೆಂಡ್ ನೋಡಿಕೊಂಡು ನೇಯಿರಿ" ಅಂತ ಬುದ್ಧಿ ಹೇಳುವವರು ತುಂಬಾ ಜನ. ಟ್ರೆಂಡ್ ತಪ್ಪಿದರೆ ಉಳಿಯುವ ಮಾಲಿನ ನಷ್ಟ ಯಾರು ಹೊರಬೇಕು ಅಂತ ಕೇಳಿದರೆ ಅವರಲ್ಲಿ ಉತ್ತರ ಇರುವುದಿಲ್ಲ. ಅಂದಹಾಗೆ, ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನ ಅಂತ 2015ರಿಂದ ಆಚರಿಸುತ್ತಾರೆ. 2020ರಲ್ಲಿ ಆ ದಿನಕ್ಕೆ ಕೆಲವೇ ದಿನ ಮೊದಲು, ಜುಲೈ ಕೊನೆಯಲ್ಲಿ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿದರು. ಸುಮ್ನೆ ನೆನಪಾಯಿತು, ಹೇಳಿದೆ.

ಈ ಪ್ರಕರಣದಿಂದ ನನಗೆ ಕಂಡದ್ದು ಹೀಗೆ. ಕೈಮಗ್ಗ ದುಬಾರಿ, ಅದಕ್ಕೇ ಸೋಲುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಲೆಯ ಮಾತು ಬಂದದ್ದು ಕೊನೆಗೆ. ಹೂವಿನ ಅಲಂಕಾರಕ್ಕೆ, ಡ್ರೋನ್ ಕ್ಯಾಮೆರಾಗೆ ಸುರಿದ ದುಡ್ಡಿನ ಮುಂದೆ ಖಣದ ಬೆಲೆಯ ವ್ಯತ್ಯಾಸ ಏನೂ ಅಲ್ಲ. ಕೈಮಗ್ಗವನ್ನು ಹೊರಗಿಟ್ಟದ್ದು ಎರಡು ವಿಷಯ: ಮೂವತ್ತು ಜನಕ್ಕೂ ಒಂದೇ ಛಾಯೆ ಬೇಕು ಅನ್ನುವ ಹಟ, ಮತ್ತು ದಿನಾಂಕ. ಹಳೆಯ ಮದುವೆ ಫೋಟೋ ತೆಗೆದು ನೋಡಿ. ಎಲ್ಲರೂ ಇಳಕಲ್ ಸೀರೆಯವರೇ, ಎಲ್ಲರೂ ಖಣದವರೇ, ಆದರೆ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಕಪ್ಪು ಬಿಳುಪು ಫೋಟೋದಲ್ಲೂ ಅದು ಗೊತ್ತಾಗುತ್ತದೆ. ಒಬ್ಬರ ಅಂಚು ಅಗಲ, ಇನ್ನೊಬ್ಬರದು ಚೌಕಡಿ. ಅದೂ ಒಂದು ಡ್ರೆಸ್ ಕೋಡೇ. ಯಾರೂ ಹಾಗೆ ಕರೆದಿರಲಿಲ್ಲ ಅಷ್ಟೇ. ಅಂಥ ಡ್ರೆಸ್ ಕೋಡ್‌ನಲ್ಲಿ ನೇಕಾರನ ಮಗ್ಗದ ಮೇಲಿರುವ ಯಾವ ಹಾಸಾದರೂ ನಡೆಯುತ್ತದೆ, ಅತ್ತಿಗೆಯ ಟ್ರಂಕಿನಲ್ಲಿರುವ ಹಳೆಯ ಜಂಪರ್ ಕೂಡ ನಡೆಯುತ್ತದೆ.

ನೇಕಾರರು ಬದಲಾಗಬೇಕಾದ್ದೇ ಇಲ್ಲ ಅಂತ ಅಲ್ಲ. ದೊಡ್ಡ ಪನ್ನದ ಮಗ್ಗ ಹಾಕಿ ಖಣದ ಸೀರೆ ನೇಯುವವರೂ ಇದ್ದಾರೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಮೈತುಂಬ ಬುಟ್ಟಾ ಇರುವ ಬಿಗಿ ಬಟ್ಟೆ ನೆರಿಗೆಯಲ್ಲಿ ಕೂರುವುದಿಲ್ಲ, ಮತ್ತು ಆ ಆಟದಲ್ಲಿ ಪವರ್‌ಲೂಮ್ ಯಾವಾಗಲೂ ಮುಂದೆ. ಕಿರಿದಾದ ಪನ್ನವೇ ಸಾಕಾಗುವ ವಸ್ತುಗಳು ಇವೆಯಲ್ಲ: ಕುಂಚಿಗಿ, ತೋರಣ, ಚೀಲ, ಜುಬ್ಬಾದ ಪಟ್ಟಿ, ಜಾಕೀಟಿನ ಮುಂಭಾಗ, ಸಾದಾ ಕಾಟನ್ ಕುರ್ತಾದ ಎದೆಭಾಗ. ಅಂಚು ಹೇಗೂ ನೇಯ್ಗೆಯಲ್ಲೇ ಬಂದಿರುತ್ತದೆ, ಮಡಚಿ ಹೊಲಿಯುವ ಕೆಲಸವೂ ಇಲ್ಲ. ನಮ್ಮ ಅರಿಶಿನದಲ್ಲಿ ಗಂಡಸರ ಜಾಕೀಟನ್ನಾದರೂ ಕೈಮಗ್ಗದ ಕೆಂಪು ಖಣದಲ್ಲಿ ಮಾಡಿಸಬಹುದಿತ್ತು. ಹಸಿರಿನ ಪಕ್ಕ ಕೆಂಪು ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ನಿಮ್ಮ ಮನೆಯಲ್ಲಿ ಇಂಥ ಕಾರ್ಯ ಇದ್ದರೆ ನಾಲ್ಕು ಮಾತು. ಒಂದೇ ಬಣ್ಣ ಬೇಕೇ ಬೇಕು ಅಂದರೆ ಮೂರು ತಿಂಗಳು ಮೊದಲೇ ನೇಕಾರರ ಹತ್ತಿರ ಹೋಗಿ, ಮುಂಗಡ ಕೊಡಿ, ಒಂದು ಪೂರ್ತಿ ಹಾಸನ್ನೇ ನಿಮ್ಮದು ಅಂತ ಹೇಳಿ. ಉಳಿದ ಖಣ ಉಡಿ ತುಂಬಲು ಆಗೇ ಆಗುತ್ತದೆ, ಬಂದವರಿಗೆ ಸ್ಟೀಲ್ ಡಬ್ಬಿ ಕೊಡುವುದಕ್ಕಿಂತ ಇದು ವಾಸಿ. ಬಣ್ಣಕ್ಕೆ ಫೋನಿನ ಚಿತ್ರ ತೋರಿಸಬೇಡಿ, ನೂಲಿನ ತುಂಡೋ ಬಟ್ಟೆಯ ಚೂರೋ ಒಯ್ಯಿರಿ. ಕೊಳ್ಳುವಾಗ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯಾ ಕೇಳಿ. ಅಂಚಿನ ಉದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ತೂತು ಕಂಡರೆ ದೋಷ ಅಂದುಕೊಳ್ಳಬೇಡಿ, ನೇಯುವಾಗ ಬಟ್ಟೆ ಬಿಗಿಯಾಗಿ ಹಿಡಿಯುವ ಕಡ್ಡಿಯ ಗುರುತು ಅದು, ಕೈಮಗ್ಗದ್ದು ಅನ್ನಲು ಒಂದು ಸುಳಿವು. ಮತ್ತೆ ಬಟ್ಟೆ ಕೊಳ್ಳುವ ಮೊದಲು ಟೇಲರ್‌ಗೆ ಪನ್ನ ಎಷ್ಟಿದೆ ಅಂತ ಅಳತೆ ಸಮೇತ ಹೇಳಿ. ಗಿಡ್ಡ ತೋಳಿನ ಸಾದಾ ಜಂಪರ್ ಆದರೆ ಹೆಚ್ಚಿನವರು ಒಪ್ಪುತ್ತಾರೆ, ಕಟೋರಿ ಬೇಕಾದರೆ ಇನ್ನೊಂದು ಖಣ ಜಾಸ್ತಿ ತಗೊಳ್ಳಿ. ಹೊಲಿಸುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಕೆಂಪು ಮತ್ತು ಕಪ್ಪು ಖಣ ಮೊದಲ ಸಲ ಬಣ್ಣ ಬಿಡಬಹುದು.